ಹೊಲದ ಹೆಣ್ಣಿನ ದುಡಿಮೆಗೆ ಲೆಕ್ಕ ಬರೆದ ಎಸ್ತರ್ ಬೋಸೆರಪ್

ಬೀಜ ಆರಿಸಿಡುವುದು, ನಾಟಿ ಹಾಕುವುದು, ಕಳೆ ತೆಗೆಯುವುದು, ಕೊಯ್ಲು, ಒಕ್ಕಣೆ, ತೂರುವುದು - ಈ ಕೆಲಸಗಳಲ್ಲಿ ಹೆಣ್ಣುಮಕ್ಕಳ ಕೈ ಸೇರದ ಊರು ನಮ್ಮಲ್ಲಿ ಸಿಗುವುದು ಕಷ್ಟ. ಆದರೂ ರೈತ ಎಂದೊಡನೆ ಕಣ್ಣಿಗೆ ಕಟ್ಟುವುದು ನೇಗಿಲು ಹಿಡಿದ ಗಂಡಸಿನ ಚಿತ್ರವೇ. ಈ ಮರೆವು ನಮ್ಮೊಬ್ಬರದೇ ಅಲ್ಲ. ಜಗತ್ತಿನ ಅರ್ಥಶಾಸ್ತ್ರಜ್ಞರೂ ಬಹುಕಾಲ ಹೀಗೆಯೇ ನಡೆದುಕೊಂಡರು. ಅದನ್ನು ಅಂಕಿ ಅಂಶಗಳ ಸಮೇತ ತಿದ್ದಿದವರಲ್ಲಿ ಮೊದಲು ನೆನೆಯಬೇಕಾದವರು ಎಸ್ತರ್ ಬೋಸೆರಪ್.

ಎಸ್ತರ್ ಹುಟ್ಟಿದ್ದು 1910ರ ಮೇ 18ರಂದು, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ. ತಂದೆ ಎಂಜಿನಿಯರ್. ಮಗಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವರು ತೀರಿಕೊಂಡರು. ಸಂಸಾರ ಕೆಲವು ವರ್ಷ ಬಡತನದಲ್ಲಿ ಕಳೆಯಿತು. ಒಳ್ಳೆಯ ಓದಿಲ್ಲದ ಹೆಣ್ಣಿಗೆ ಮುಂದೆ ದಾರಿ ಕಿರಿದೆಂದು ತಾಯಿ ಅರಿತಿದ್ದರು. ಅವರ ಒತ್ತಾಸೆಯಿಂದ ಎಸ್ತರ್ ವಿಶ್ವವಿದ್ಯಾಲಯ ಸೇರಿ 1935ರಲ್ಲಿ ಪದವಿ ಪಡೆದರು. ಓದುತ್ತಿದ್ದಾಗಲೇ ಮೊಗೆನ್ಸ್ ಬೋಸೆರಪ್ ಅವರನ್ನು ಮದುವೆಯಾಗಿದ್ದರು. ಮೂವರು ಮಕ್ಕಳನ್ನು ಸಾಕುತ್ತಲೇ ಸರ್ಕಾರಿ ಕೆಲಸ ಮಾಡಿದರು. 1947ರಲ್ಲಿ ವಿಶ್ವಸಂಸ್ಥೆಯ ಜಿನೀವಾ ಕಚೇರಿ ಸೇರಿದರು.

ಅವರ ಬದುಕಿಗೆ ತಿರುವು ಸಿಕ್ಕಿದ್ದು ನಮ್ಮ ದೇಶದಲ್ಲಿ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ ಅವರ ಅಧ್ಯಯನಕ್ಕೆ ನೆರವಾಗಲು ದಂಪತಿಗಳು 1957ರಲ್ಲಿ ಭಾರತಕ್ಕೆ ಬಂದರು. ಹಳ್ಳಿಗಳಲ್ಲಿ ಬೇಡದಷ್ಟು ಜನ ತುಂಬಿಕೊಂಡಿದ್ದಾರೆ, ಅವರಲ್ಲಿ ಎಷ್ಟೋ ಮಂದಿ ಹೊರಗೆ ಹೋದರೂ ಬೆಳೆ ಕಡಿಮೆಯಾಗದು ಎಂಬುದು ಆಗ ಪಂಡಿತರ ನಂಬಿಕೆಯಾಗಿತ್ತು. ಎಸ್ತರ್ ಅವರಿಗೆ ಅದು ಸರಿಕಾಣಲಿಲ್ಲ. ಬೇಸಾಯದ ಕೆಲಸ ವರ್ಷವೆಲ್ಲ ಒಂದೇ ಸಮನಾಗಿ ಇರುವುದಿಲ್ಲ. ನಾಟಿ, ಕೊಯ್ಲಿನ ದಿನಗಳಲ್ಲಿ ಆಳು ಸಾಲದು, ಉಳಿದ ದಿನ ಕೈ ಖಾಲಿ. ರೈತರಿಗೆ ಇದು ಹೊಸ ಮಾತಲ್ಲ, ಪುಸ್ತಕದ ಪಂಡಿತರಿಗೆ ಹೊಸದು.

ಈ ಅನುಭವದಿಂದ 1965ರಲ್ಲಿ ಅವರ ಮೊದಲ ಹೆಸರಾಂತ ಪುಸ್ತಕ ಹೊರಬಂತು. ಜನ ಹೆಚ್ಚಿದರೆ ಅನ್ನ ಸಾಲದೆಂದು 1798ರಲ್ಲಿ ಮಾಲ್ಥಸ್ ಬರೆದಿದ್ದರು. ಜನ ಹೆಚ್ಚಿದಾಗ ರೈತ ಹೊಸ ಬೇಸಾಯ ಕ್ರಮ ಹುಡುಕುತ್ತಾನೆ ಎಂದು ಎಸ್ತರ್ ತೋರಿಸಿದರು. ಮಲೆನಾಡಿನಲ್ಲಿ ಕುಮರಿ ಎನ್ನುವಂಥ ಕಾಡು ಕಡಿದು ಬಿತ್ತುವ ಬಗೆಯಿಂದ ಬೀಳು ಬಿಡುವ ಬೇಸಾಯಕ್ಕೆ, ಅಲ್ಲಿಂದ ವರ್ಷಕ್ಕೊಂದು ಬೆಳೆಗೆ, ಮುಂದೆ ಎರಡು ಮೂರು ಬೆಳೆಗೆ ಜನ ಬರುತ್ತಾರೆ. ಪ್ರತಿ ಮೆಟ್ಟಿಲಿನಲ್ಲೂ ದುಡಿಮೆ ಹೆಚ್ಚುತ್ತದೆ.

ಹೆಚ್ಚುವ ದುಡಿಮೆ ಯಾರದು? 1970ರ ಪುಸ್ತಕ ಹಿಡಿದದ್ದು ಈ ಪ್ರಶ್ನೆಯನ್ನೇ. ಭಾರತದ ಬಳಿಕ ಅವರು ಆಫ್ರಿಕದ ಸೆನೆಗಲ್‌ನಲ್ಲೂ ಕೆಲಸ ಮಾಡಿದ್ದರು. ಆಫ್ರಿಕದಲ್ಲಿ ಗುದ್ದಲಿ ಬೇಸಾಯ ನಡೆವ ಎಷ್ಟೋ ಹಳ್ಳಿಗಳಲ್ಲಿ ಹೊಲದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದೇ. ನೇಗಿಲು ಬಂದ ಕಡೆ ಉಳುಮೆ ಗಂಡಸರ ಪಾಲಾಯಿತು. ನೀರಾವರಿ ಭತ್ತದ ಸೀಮೆಯಲ್ಲಿ ಇಬ್ಬರೂ ಬೆವರು ಸುರಿಸಬೇಕು. ಹೆಣ್ಣಿನ ದುಡಿಮೆಗೆ ಬೆಲೆಯಿರುವ ಕಡೆ ಗಂಡಿನ ಮನೆಯವರು ತೆರ ಕೊಟ್ಟು ತರುತ್ತಾರೆ, ಆಕೆ ಹೊಲದಿಂದ ದೂರವಾದ ಕಡೆ ವರದಕ್ಷಿಣೆ ಕಾಣುತ್ತದೆ ಎಂದೂ ಅವರು ಗುರುತಿಸಿದರು.

ಅವರು ಎತ್ತಿ ತೋರಿಸಿದ ದೊಡ್ಡ ತಪ್ಪು ಆಡಳಿತದ್ದು. ಯೂರೋಪಿನ ಅಧಿಕಾರಿಗಳು ಆಫ್ರಿಕದಲ್ಲಿ ಹತ್ತಿ, ಕೋಕೋ, ಕಾಫಿಯಂಥ ಹಣದ ಬೆಳೆಗಳನ್ನು ಕಲಿಸಿದ್ದು ಗಂಡಸರಿಗೆ. ಜಮೀನು ಅಳೆದು ಬರೆದದ್ದು ಗಂಡಸರ ಹೆಸರಿಗೆ. ಹೆಂಗಸರ ಕೈಯಲ್ಲಿ ಉಳಿದದ್ದು ಹಳೆಯ ಗುದ್ದಲಿ. ಅವರ ಹೊಲ ಹಿಂದೆ ಬಿದ್ದಾಗ, ಹೆಂಗಸರಿಗೆ ಬೇಸಾಯ ತಿಳಿಯದು ಎಂಬ ಮಾತು ಬಂತು. ಕಲಿಸದೆ ಬಿಟ್ಟವರೇ ಕಲಿತಿಲ್ಲವೆಂದು ದೂರಿದ ಹಾಗಾಯಿತು.

ಈ ಪುಸ್ತಕದಿಂದ ಹೊಲದ ಹೆಣ್ಣಿನ ವಿಷಯ ವಿಶ್ವಸಂಸ್ಥೆಯ ಚರ್ಚೆಗೆ ಬಂತು. 1975ರಲ್ಲಿ ಮೆಕ್ಸಿಕೋದಲ್ಲಿ ಮೊದಲ ವಿಶ್ವ ಮಹಿಳಾ ಸಮ್ಮೇಳನ ನಡೆಯಿತು. 1976ರಿಂದ 1985ರವರೆಗೆ ಮಹಿಳಾ ದಶಕ ಆಚರಿಸಲಾಯಿತು. ಪುಸ್ತಕಕ್ಕೆ ಆಕ್ಷೇಪಗಳೂ ಬಂದವು. ಅಡಿಗೆ, ನೀರು, ಸೌದೆ, ಮಕ್ಕಳ ಪಾಲನೆಯ ದುಡಿಮೆಗೆ ಅವರು ಸಾಕಷ್ಟು ಲೆಕ್ಕ ಕೊಡಲಿಲ್ಲವೆಂದು ಲೂರ್ಡ್ಸ್ ಬೆನೆರಿಯಾ ಮತ್ತು ನಮ್ಮ ದೇಶದ ಗೀತಾ ಸೇನ್ 1981ರಲ್ಲಿ ಬರೆದರು. ಆ ಮಾತಿನಲ್ಲೂ ಹುರುಳಿದೆ.

1980ರಲ್ಲಿ ಪತಿ ತೀರಿಕೊಂಡರು. ಎಸ್ತರ್ ಬರವಣಿಗೆ ಬಿಡಲಿಲ್ಲ. 1999ರ ಸೆಪ್ಟೆಂಬರ್ 24ರಂದು ಜಿನೀವಾದಲ್ಲಿ ಕೊನೆಯುಸಿರೆಳೆದರು.

ಅವರ ನಾಡಿಗೂ ನಮ್ಮ ನಾಡಿಗೂ ಒಂದು ನಂಟುಂಟು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1982ರಲ್ಲಿ ಕರ್ನಾಟಕದಲ್ಲಿ ರೈತ ಮಹಿಳೆಯರಿಗೇ ಬೇಸಾಯದ ತರಬೇತಿ ಕೊಡುವ ಯೋಜನೆ ಆರಂಭವಾಯಿತು. 2011ರಲ್ಲಿ ಹೊರಬಂದ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ವರದಿ, ಹೆಂಗಸರಿಗೂ ಗಂಡಸರಷ್ಟೇ ಸಾಧನ ಸೌಕರ್ಯ ದೊರೆತರೆ ಅವರ ಹೊಲದ ಇಳುವರಿ ಶೇಕಡ 20ರಿಂದ 30ರಷ್ಟು ಏರಬಲ್ಲದು ಎಂದು ಹೇಳಿತು.

ರೈತ ಬಾಂಧವರು ಯೋಚಿಸಬೇಕಾದ್ದು ಇಷ್ಟು. ಕೃಷಿ ತರಬೇತಿಯ ಸುದ್ದಿ ಬಂದಾಗ ಮನೆಯಿಂದ ಹೋಗುವವರು ಯಾರು? ಕಳೆ ತೆಗೆಯುವವಳು ಒಬ್ಬಳು, ಕಳೆಯ ವಿಷಯ ಕೇಳಿ ಬರುವವನು ಇನ್ನೊಬ್ಬ ಆದರೆ ಆ ವಿದ್ಯೆ ಹೊಲ ಮುಟ್ಟುವುದು ಹೇಗೆ? ಪಹಣಿಯಲ್ಲಿ ಯಾರ ಹೆಸರಿದೆ? ಮುಂದಿನ ತರಬೇತಿಗೆ ಮನೆಯ ಹೆಣ್ಣುಮಕ್ಕಳನ್ನೂ ಕರೆದೊಯ್ದರೆ ಲಾಭ ಇಡೀ ಮನೆಗೆ.