ಹೈದರಾಲಿಯ ಮನೆತನ

ಮೈಸೂರಿನ ಸರ್ವಾಧಿಕಾರಿಯಾಗಿ ಇಂಗ್ಲಿಷರನ್ನು ನಡುಗಿಸಿದ ಹೈದರಾಲಿಯು ಜನಿಸಿದುದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ, ಸುಮಾರು 1721ರಲ್ಲಿ. ಆದರೆ ಅವನ ಮನೆತನವು ಈ ನೆಲದ್ದಲ್ಲ. ಪೂರ್ವಜರು ಉತ್ತರ ದೇಶದಿಂದ ಬಂದು, ಕಲಬುರಗಿಯ ಕಡೆ ನೆಲೆಸಿ, ಅಲ್ಲಿಂದ ಹೊಟ್ಟೆಪಾಡನ್ನರಸುತ್ತ ಸಿರಾ, ಕೋಲಾರಗಳಿಗೆ ಬಂದವರು.

ಹೈದರನು ಪ್ರಬಲನಾದ ಮೇಲೆ ಕೆಲವು ಬರಹಗಾರರು ಈ ವಂಶದ ಮೂಲವನ್ನು ಅರಬ್ ದೇಶದ ಕುರೈಷ್ ಕುಲಕ್ಕೆ ಮುಟ್ಟಿಸಿದರು. ದೊಡ್ಡವನಾದವನಿಗೆ ದೊಡ್ಡ ವಂಶವೊಂದು ದೊರೆಯುವುದು ಲೋಕರೂಢಿ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟಿಸಿದ ವೃತ್ತಾಂತವು ಬೇರೆ ಬಗೆಯದು. ಅದರಂತೆ ಹೈದರನ ತಾತ ಮಹಮ್ಮದ್ ಅಲಿಯು ಸಿರಾದ ಸುಂಕದ ಜವಾನ. ಅವನು ಕೋಲಾರದಲ್ಲಿ ತೀರಿಕೊಂಡಾಗ ಒಡಹುಟ್ಟಿದವನೇ ಆಸ್ತಿಯನ್ನು ಕಸಿದುಕೊಂಡು, ವಿಧವೆಯನ್ನೂ ಮಗುವನ್ನೂ ಮನೆಯಿಂದ ಹೊರದೂಡಿದನು. ಜವಾನರ ನಾಯಕನೊಬ್ಬನು ಅವರಿಗೆ ಆಶ್ರಯವಿತ್ತನು. ಆ ಮಗುವೇ ಹೈದರನ ತಂದೆ ಫತೇ ಮಹಮ್ಮದ್. ವಿಲ್ಕ್ಸನು ಶತ್ರುಪಕ್ಷದವನೆಂಬುದನ್ನು ಮರೆಯಲಾಗದು. ಆದರೂ ಈ ಕಥೆಯಿಂದ ಹೈದರನ ಘನತೆಗೆ ಕುಂದೇನೂ ಇಲ್ಲ.

ಫತೇ ಮಹಮ್ಮದನು ತೋಳ್ಬಲದಿಂದ ಮೇಲೇರಿ, ಸಿರಾ ನವಾಬನಿಂದ ಬೂದಿಕೋಟೆಯನ್ನು ಜಹಗೀರಾಗಿ ಪಡೆದು, ಯುದ್ಧದಲ್ಲಿ ಮಡಿದನು. ಆಗ ಅವನ ಮಕ್ಕಳಾದ ಶಹಬಾಜ್, ಹೈದರರು ಎಳೆಯರು. ತಂದೆಯ ಬಾಕಿಗಾಗಿ ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿಖಾನನು ಆ ಹಸುಳೆಗಳನ್ನು ನಗಾರಿಯೊಳಗೆ ಕೂಡಿ, ಮೇಲೆ ಬಾರಿಸಿ ಹಿಂಸಿಸಿದನಂತೆ. ಮುಂದೆ ಮೈಸೂರು ಸೈನ್ಯದಲ್ಲಿದ್ದ ಬಂಧುವೊಬ್ಬನ ಆಸರೆಯಲ್ಲಿ ಮಕ್ಕಳು ಬೆಳೆದರು.

ಹೈದರನಿಗೆ ಓದುಬರಹ ಬರುತ್ತಿರಲಿಲ್ಲ. ರುಜುವಿಗೆ ಹೆಸರಿನ ಮೊದಲಕ್ಷರವೊಂದನ್ನೇ ಗೀಚುತ್ತಿದ್ದನು. ಆದರೆ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿಗಳನ್ನು ಮಾತನಾಡಬಲ್ಲವನಾಗಿದ್ದನು. ಊರೂರು ಅಲೆದ ಮನೆತನದವನಿಗೆ ಇದು ಸಹಜವೇ. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಅವನ ಶೌರ್ಯವು ಬೆಳಕಿಗೆ ಬಂದಿತು. 1761ರಲ್ಲಿ ರಾಜ್ಯಾಧಿಕಾರವೇ ಕೈಸೇರಿತು. ಅದೇ ವರ್ಷ ದೊಡ್ಡಬಳ್ಳಾಪುರವು ಅವನ ವಶವಾಗುತ್ತಿದ್ದಂತೆ ಅಬ್ಬಾಸ್ ಕುಲಿಖಾನನು ಮದರಾಸಿಗೆ ಓಡಿಹೋದನು. 1769ರಲ್ಲಿ ಹೈದರನು ಮದರಾಸಿನ ಬಾಗಿಲಿಗೇ ಬಂದಾಗ ಅವನು ಹಡಗನ್ನೇರಿ, ಮೈಸೂರು ಸೈನ್ಯವು ಹಿಂದಿರುಗುವವರೆಗೆ ದಡಕ್ಕಿಳಿಯಲಿಲ್ಲವೆಂದು ವಿಲ್ಕ್ಸನು ಬರೆದಿದ್ದಾನೆ.

ಅದಕ್ಕೆ ಹಿಂದಿನ ವರ್ಷ, 1768ರಲ್ಲಿ, ತಂದೆಯ ಗೋರಿಯಿದ್ದ ಕೋಲಾರವು ಇಂಗ್ಲಿಷರ ಕೈಸೇರಿತ್ತು. ಆ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಹೈದರನು ಕರ್ನಲ್ ವುಡ್ಡನ ಪಡೆಯೊಡನೆ ಘೋರವಾಗಿ ಕಾದಾಡಿದನು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಶಿಬಿರದಲ್ಲಿ ಹೈದರನು ಮರಣಹೊಂದಿದನು. ಟಿಪ್ಪುವು ದೂರದಲ್ಲಿದ್ದುದರಿಂದ ಸುದ್ದಿಯನ್ನು ಗುಟ್ಟಾಗಿರಿಸಲಾಯಿತು. ಶವವನ್ನು ಬೊಕ್ಕಸದ ಪೆಟ್ಟಿಗೆಯೆಂಬಂತೆ ಸಾಗಿಸಿ, ಕೋಲಾರದ ಮಕ್ಬರದಲ್ಲಿ ತಂದೆಯ ಬಳಿ ಇರಿಸಿದರು. ಅನಂತರ ಅದನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಫತೇ ಮಹಮ್ಮದನು ಮಾತ್ರ ಕೋಲಾರದಲ್ಲಿಯೇ ಉಳಿದನು.