ಅನ್ನಾ ಮಣಿ

ಅನ್ನಾ ಮಣಿ (ಆಗಸ್ಟ್ 23, 1918 – ಆಗಸ್ಟ್ 16, 2001) ಭಾರತದ ಭೌತವಿಜ್ಞಾನಿ ಹಾಗೂ ಹವಾಮಾನ ತಜ್ಞೆ. ವಾಯುಮಂಡಲದ ಒತ್ತಡ, ಗಾಳಿ, ಸೂರ್ಯನ ವಿಕಿರಣ ಮತ್ತು ಓಜೋನ್ ಅಳೆಯುವ ಉಪಕರಣಗಳನ್ನು ಭಾರತದಲ್ಲಿಯೇ ತಯಾರಿಸಿ, ಅವುಗಳ ಅಳತೆಗಳು ದೇಶದಾದ್ಯಂತ ಪರಸ್ಪರ ತಾಳೆಯಾಗುವಂತೆ ಮಾಡಿದವರಲ್ಲಿ ಅವರು ಪ್ರಮುಖರು. ಅವರ ಸಂಶೋಧನಾ ಜೀವನ ಆರಂಭವಾದದ್ದು ಬೆಂಗಳೂರಿನಲ್ಲಿ; ನಿವೃತ್ತಿಯ ನಂತರವೂ ಅವರು ಅಲ್ಲಿಗೇ ಮರಳಿದರು.

ಬಾಲ್ಯ ಮತ್ತು ಶಿಕ್ಷಣ

ಅನ್ನಾ ಮಣಿಯವರು ಆಗಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಸಿರಿಯನ್ ಕ್ರೈಸ್ತ ಕುಟುಂಬದಲ್ಲಿ ಜನಿಸಿದರು. ಎಂಟು ಮಕ್ಕಳಲ್ಲಿ ಅವರು ಏಳನೆಯವರು. ತಂದೆ ಸಿವಿಲ್ ಎಂಜಿನಿಯರ್. ಏಲಕ್ಕಿ ತೋಟಗಳೂ ಇದ್ದವು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಲು ಬಂದ ವಜ್ರದ ಓಲೆಗಳನ್ನು ನಿರಾಕರಿಸಿ ವಿಶ್ವಕೋಶವನ್ನು ಬೇಡಿ ಪಡೆದರೆಂಬ ಸಂಗತಿ ಪ್ರಸಿದ್ಧವಾಗಿದೆ. ಗಾಂಧೀಜಿಯವರ ಪ್ರಭಾವದಿಂದ ಬಾಲ್ಯದಲ್ಲಿಯೇ ಖಾದಿ ತೊಡಲಾರಂಭಿಸಿದರು. 1939ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎಸ್‌ಸಿ. ಆನರ್ಸ್ ಪದವಿ ಪಡೆದರು.

ಬೆಂಗಳೂರಿನಲ್ಲಿ ಸಂಶೋಧನೆ

1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ, ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ರೋಹಿತವನ್ನು ಅಭ್ಯಸಿಸಿದರು. ಒಂದೊಂದು ಛಾಯಾಫಲಕಕ್ಕೂ ಹದಿನೈದರಿಂದ ಇಪ್ಪತ್ತು ಗಂಟೆಗಳ ಕಾಲ ಬೆಳಕು ಹಾಯಿಸಬೇಕಾಗುತ್ತಿದ್ದುದರಿಂದ ರಾತ್ರಿಗಳನ್ನು ಪ್ರಯೋಗಾಲಯದಲ್ಲಿಯೇ ಕಳೆಯುತ್ತಿದ್ದರು. 1942ರಿಂದ 1945ರ ಅವಧಿಯಲ್ಲಿ ಐದು ಸಂಶೋಧನಾ ಲೇಖನಗಳನ್ನು ಏಕಾಂಗಿಯಾಗಿ ಪ್ರಕಟಿಸಿದರು. 1945ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧವನ್ನು ಸಲ್ಲಿಸಿದಾಗ, ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ನೀಡಲಾಗಲಿಲ್ಲ. ಆ ಪದವಿ ಅವರಿಗೆ ಮುಂದೆಯೂ ದೊರೆಯಲಿಲ್ಲ.

ಅದೇ ವರ್ಷ ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ತೆರಳಿದರು. ಭೌತವಿಜ್ಞಾನವನ್ನು ಮುಂದುವರಿಸಬೇಕೆಂಬ ಬಯಕೆಯಿದ್ದರೂ ಲಭ್ಯವಿದ್ದ ವಿದ್ಯಾರ್ಥಿವೇತನ ಹವಾಮಾನ ಉಪಕರಣಗಳ ಅಧ್ಯಯನಕ್ಕೆ ಮೀಸಲಾಗಿತ್ತು. ಅದೇ ಅವರ ಜೀವಮಾನದ ಕಾರ್ಯಕ್ಷೇತ್ರವಾಯಿತು.

ಒತ್ತಡದ ಅಳತೆ ಮತ್ತು ಉಪಕರಣಗಳು

1948ರಲ್ಲಿ ಸ್ವದೇಶಕ್ಕೆ ಮರಳಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗವನ್ನು ಸೇರಿದರು. ಆಗ ಸಾಮಾನ್ಯ ಉಷ್ಣಮಾಪಕಗಳೂ ವಿದೇಶದಿಂದ ಬರುತ್ತಿದ್ದವು. ಅವರು ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಅವುಗಳನ್ನು ಇಲ್ಲಿಯೇ ತಯಾರಿಸುವ ಕಾರ್ಯಕ್ಕೆ ಚಾಲನೆ ನೀಡಿದರು. 1953ರ ವೇಳೆಗೆ ಅವರ ಕೈಕೆಳಗೆ 121 ಪುರುಷ ಸಿಬ್ಬಂದಿ ಇದ್ದರು.

ಈ ಕೆಲಸದ ಮಹತ್ವ ವಾಯುಭಾರ ಮಾಪಕದ ನಿದರ್ಶನದಿಂದ ಸ್ಪಷ್ಟವಾಗುತ್ತದೆ. ಅನಿಲದ ಅಣುಗಳು ಎಲ್ಲ ದಿಕ್ಕುಗಳಲ್ಲಿಯೂ ಎಡೆಬಿಡದೆ ಚಲಿಸುತ್ತ, ಎದುರಾದ ಮೇಲ್ಮೈಗೆ ಬಡಿಯುತ್ತವೆ. ಈ ಅಸಂಖ್ಯ ಬಡಿತಗಳ ಒಟ್ಟು ಪರಿಣಾಮವೇ ಒತ್ತಡ. ನೆಲದ ಮೇಲಿನ ಗಾಳಿಯನ್ನು ಅದರ ಮೇಲಿರುವ ಗಾಳಿಯ ಭಾರ ಅದುಮುವುದರಿಂದ ಕೆಳಗೆ ಒತ್ತಡ ಹೆಚ್ಚು, ಮೇಲೇರಿದಂತೆ ಕಡಿಮೆ. ಸಮುದ್ರಮಟ್ಟದಲ್ಲಿ ಅದು ಸುಮಾರು 76 ಸೆಂ.ಮೀ. ಎತ್ತರದ ಪಾದರಸದ ಕಂಬವನ್ನು ಎತ್ತಿ ಹಿಡಿಯುತ್ತದೆ. ಸುಮಾರು 480 ಮೀಟರ್ ಎತ್ತರದ ಹೊಸಪೇಟೆಯಲ್ಲಿ ಈ ಕಂಬ 72 ಸೆಂ.ಮೀ.ನಷ್ಟು, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 68 ಸೆಂ.ಮೀ.ನಷ್ಟು ಇರುತ್ತದೆ. ಹೊಸಪೇಟೆಯ ಬಯಲಿನಿಂದ ಸಂಡೂರಿನ ಬೆಟ್ಟ ಹತ್ತಿದರೆ ಪ್ರತಿ ನೂರು ಮೀಟರಿಗೆ ಪಾದರಸ ಸುಮಾರು 8–9 ಮಿ.ಮೀ. ಇಳಿಯುತ್ತದೆ.

ಆದ್ದರಿಂದ ಬೇರೆ ಬೇರೆ ಊರುಗಳ ಅಳತೆಗಳನ್ನು ಹೋಲಿಸುವ ಮೊದಲು ಎತ್ತರದ ವ್ಯತ್ಯಾಸವನ್ನು ಲೆಕ್ಕಹಾಕಿ ಸಮುದ್ರಮಟ್ಟಕ್ಕೆ ಹೊಂದಿಸಬೇಕು. ಆ ಬಳಿಕವೂ ಉಳಿಯುವ ಕೆಲವೇ ಮಿ.ಮೀ. ವ್ಯತ್ಯಾಸ ಗಾಳಿ ಮತ್ತು ಚಂಡಮಾರುತಗಳ ಸುಳಿವು ನೀಡುತ್ತದೆ. ಉಪಕರಣದಲ್ಲಿಯೇ ಅಷ್ಟು ದೋಷವಿದ್ದರೆ ಇಲ್ಲದ ವಾಯುಭಾರ ಕುಸಿತ ನಕ್ಷೆಯಲ್ಲಿ ಕಾಣಿಸಬಹುದು, ಇರುವುದು ಮರೆಯಾಗಬಹುದು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲೆಂಬುದು ಅನ್ನಾ ಮಣಿಯವರ ನಿಲುವಾಗಿತ್ತು.

ಮೇಲ್ವಾಯುಮಂಡಲದ ಅಧ್ಯಯನ

1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಅವರು ದೇಶದಲ್ಲಿ ಸೌರವಿಕಿರಣ ಅಳೆಯುವ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. 1960ರ ದಶಕದಲ್ಲಿ ಅವರ ಮಾರ್ಗದರ್ಶನದಲ್ಲಿ, ಬಲೂನಿನಲ್ಲಿ ಹಾರಿಬಿಡುವ ಭಾರತೀಯ ಓಜೋನ್ ಮಾಪಕ ಸಿದ್ಧವಾಯಿತು. ಇಂತಹ ಬಲೂನು ಮೇಲೇರಿದಂತೆ ಹೊರಗಿನ ಒತ್ತಡ ತಗ್ಗುವುದರಿಂದ ಒಳಗಿನ ಅನಿಲ ಹಿಗ್ಗಿ, ಕೊನೆಗೆ ಬಲೂನು ಒಡೆಯುತ್ತದೆ. ಅಷ್ಟರೊಳಗೆ ಉಪಕರಣ ತನ್ನ ಅಳತೆಗಳನ್ನು ರೇಡಿಯೋ ಮೂಲಕ ಕಳುಹಿಸಿರುತ್ತದೆ. ವಿಕ್ರಮ್ ಸಾರಾಭಾಯಿಯವರ ಕೋರಿಕೆಯಂತೆ ತುಂಬಾ ರಾಕೆಟ್ ಉಡಾವಣಾ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಸ್ಥಾಪಿಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು.

ನಿವೃತ್ತಿಯ ನಂತರ

ನಿವೃತ್ತಿಯ ಬಳಿಕ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಸೌರವಿಕಿರಣ ಕುರಿತ ಎರಡು ಗ್ರಂಥಗಳು 1980 ಮತ್ತು 1981ರಲ್ಲಿ ಪ್ರಕಟವಾದವು. ಒತ್ತಡದ ವ್ಯತ್ಯಾಸದಿಂದ ಹುಟ್ಟುವ ಗಾಳಿಯಿಂದ ಎಲ್ಲೆಲ್ಲಿ ವಿದ್ಯುತ್ ಪಡೆಯಬಹುದೆಂದು ತಿಳಿಯಲು ದೇಶದ ಹಲವೆಡೆ ಗಾಳಿಯ ವೇಗವನ್ನು ಅಳೆಯಿಸಿದರು. ಗಾಳಿಯ ವೇಗ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳನ್ನು ತಯಾರಿಸುವ ಕಾರ್ಯಾಗಾರವೊಂದನ್ನು ಬೆಂಗಳೂರಿನಲ್ಲಿ ಆರಂಭಿಸಿದರು.

1987ರಲ್ಲಿ ಅವರಿಗೆ ಕೆ. ಆರ್. ರಾಮನಾಥನ್ ಪದಕ ಲಭಿಸಿತು. ಅವರು ಅವಿವಾಹಿತರಾಗಿದ್ದರು. 1994ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು. ಪದವಿ ದೊರಕಿಸದ ಅವರ ಮಹಾಪ್ರಬಂಧವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.