ಬೆಳ್ಳೂರು ಅಯ್ಯಂಗಾರರ ಭಾವ: ಅರವತ್ತು ದಾಟಿದ ಮೇಲೆ ಮತ್ತೆ ಮೊದಲಿಂದ

ಹೊಸಕೋಟೆ ದಾಟಿ ಕೋಲಾರದ ಕಡೆ ಹೋದರೆ ನರಸಾಪುರದ ಹತ್ತಿರ ಬೆಳ್ಳೂರು. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟೂರು ಅಂತ ಹೆಸರು. ಅವರಿಗೆ ಯೋಗ ಕಲಿಸಿದ್ದು ಅಕ್ಕ ನಾಮಗಿರಿಯಮ್ಮನವರ ಗಂಡ, ತಿರುಮಲೆ ಕೃಷ್ಣಮಾಚಾರ್ಯ. ಈ ಭಾವನ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬರಲ್ಲ.

1888ರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ಇವರು ಚಿಕ್ಕವರಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಕಾಶಿಯವರೆಗೂ ಹೋಗಿ ಓದಿದರು. ಅಷ್ಟು ಓದಿದವರು ಮದುವೆಯಾದ ಮೇಲೆ ಹೊಟ್ಟೆಪಾಡಿಗೆ ಕಾಫಿ ತೋಟದಲ್ಲಿ ದುಡಿಯಬೇಕಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಸರೆ ಸಿಕ್ಕ ಮೇಲೆ ದೆಸೆ ತಿರುಗಿತು. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ, ಮರುವರ್ಷ ಕನ್ನಡದಲ್ಲೇ 'ಯೋಗ ಮಕರಂದ' ಪುಸ್ತಕ. ಮೇಷ್ಟ್ರು ಬಹಳ ಬಿಗಿ, ಹುಡುಗರು ಹೆದರುತ್ತಿದ್ದರು. ಕಾಯಿಲೆಯಿಂದ ಸೊರಗಿದ್ದ ಅಯ್ಯಂಗಾರ್ ಚೇತರಿಸಿಕೊಂಡಿದ್ದು ಮಾತ್ರ ಇವರ ಕೈಯಲ್ಲೇ.

ಸ್ವಾತಂತ್ರ್ಯ ಬಂತು, ಅರಮನೆಯ ಆಸರೆ ಹೋಯಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ವಯಸ್ಸು ಅರವತ್ತರ ಮೇಲೆ, ಹಿಂದೆ ದೊಡ್ಡ ಸಂಸಾರ. ನಡೆಯುತ್ತಿದ್ದ ಅಂಗಡಿಗೆ ಬೀಗ ಹಾಕಿದವರಿಗೆ ಆ ಸಂಕಟ ಗೊತ್ತಿರುತ್ತೆ. ಕೃಷ್ಣಮಾಚಾರ್ಯರು ಮದ್ರಾಸಿಗೆ ಹೋಗಿ ಹೊಸದಾಗಿ ಪಾಠ ಶುರು ಮಾಡಿದರು. ಕಲಿಸುವ ರೀತಿಯೂ ಬದಲಾಯಿತು. ಸಾಲಾಗಿ ನಿಲ್ಲಿಸಿ ಮಾಡಿಸುವ ಕಸರತ್ತು ಹೋಯಿತು. ಬಂದವರ ನಾಡಿ ನೋಡಿ, ಊಟ, ಕೆಲಸ ವಿಚಾರಿಸಿ, ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ ಹೇಳುತ್ತಿದ್ದರು. ಉಸಿರಿಗೇ ಹೆಚ್ಚು ಒತ್ತು. ಉಸಿರು ನಿಧಾನವಾದರೆ ಮನಸ್ಸೂ ತಹಬಂದಿಗೆ ಬರುತ್ತೆ ಅನ್ನೋದು ಅವರ ಲೆಕ್ಕ. ತಾವು ಕಟ್ಟಾ ವೈಷ್ಣವರಾದರೂ ದೇವರನ್ನು ನಂಬದವರಿಗೆ ಮಂತ್ರದ ಒತ್ತಾಯ ಮಾಡಲಿಲ್ಲ.

96ನೇ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಬೇಡ ಎಂದು, ಮಲಗಿದಲ್ಲೇ ಮಾಡುವ ಅಭ್ಯಾಸವನ್ನು ತಾವೇ ಹೊಂದಿಸಿಕೊಂಡರು. ನೂರು ತುಂಬಿಸಿ, 1989ರ ಫೆಬ್ರವರಿಯಲ್ಲಿ ಮದ್ರಾಸಿನಲ್ಲೇ ತೀರಿಕೊಂಡರು.